ಮೈದಾನದಲ್ಲಿ ನಡೆದ ಹೆಣ್ಣು ನೋಡುವ ಶಾಸ್ತ್ರ

ಕಳೆದ ತಿಂಗಳು ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಪುಟ್ಟ ಬಾಟಲಿಯೊಂದರ ಮುಚ್ಚಳ ತೆಗೆದು, ಅಂಗೈಗೆ ನಾಲ್ಕು ಹನಿ ಸುರಿದುಕೊಂಡು ಮಂಡಿ ತಿಕ್ಕಿಕೊಳ್ಳತೊಡಗಿದರು. ನೀಲಗಿರಿ ಎಣ್ಣೆ. ಕಿಟಕಿ ತೆಗೆದಿದ್ದರೂ ಘಾಟು ಮೂಗಿಗೆ ಬಡಿಯಿತು. ಮುಂದಿನ ಸೀಟಿನವರು ಮುಖ ಸಿಂಡರಿಸಿ ತಿರುಗಿ ನೋಡಿದರು. ನಾನು ಮಾತ್ರ ಕಣ್ಣು ಮುಚ್ಚಿ ಇನ್ನೊಂದು ಸಲ ಉಸಿರೆಳೆದುಕೊಂಡೆ. ಹದಿಮೂರು ವರ್ಷದ ಹಿಂದಿನ ಒಂದು ಸ್ಟಾಫ್ ರೂಮು... ಸಂಜೆ ನಾಲ್ಕೂವರೆ... ಒಂದು ಕುರ್ಚಿಯಲ್ಲಿ ಕೂತು ಇನ್ನೊಂದಕ್ಕೆ ಬಲಗಾಲು ಚಾಚಿ, ಟ್ರ್ಯಾಕ್ ಪ್ಯಾಂಟನ್ನು ಮಂಡಿಯವರೆಗೆ ಮಡಚಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ನಮ್ಮ ಪಿ.ಟಿ. ಮೇಡಂ.

ಹಳ್ಳಿಮೈಸೂರಿನ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಗೆ ನಾನು ಗಣಿತದ ಟೀಚರ್ ಆಗಿ ಹೋದಾಗ ನನಗೆ ಇಪ್ಪತ್ತೇಳು. ಅವರಿಗೆ ನಲವತ್ತೆರಡು. ಹಿರೀಸಾವೆ ಕಡೆಯ ರೈತರ ಮನೆಯ ಮಗಳು. ಮದುವೆಯಾಗಿರಲಿಲ್ಲ. ಮೈಸೂರಿನಿಂದ ಬಂದ ನನಗೆ ಬಾಡಿಗೆ ಮನೆ ಸಿಗುವವರೆಗೂ ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಸಿಕ್ಕ ಮೇಲೂ ಹೋಗಲು ಬಿಡಲಿಲ್ಲ. "ಒಬ್ಬೊಬ್ರೇ ಎರಡು ಕುಕ್ಕರ್ ಕೂಗ್ಸದ್ಯಾಕೆ? ಇಲ್ಲೇ ಇದ್ಬುಡಮ್ಮ" ಅಂದರು. ಇದ್ದುಬಿಟ್ಟೆ.

ಬೆಳಿಗ್ಗೆ ಐದೂಮುಕ್ಕಾಲಿಗೆ ಅವರು ಮೈದಾನದಲ್ಲಿರುತ್ತಿದ್ದರು. ಖೋ ಖೋ ಅವರ ಆಟ. ಕಾಲೇಜು ದಿನಗಳಲ್ಲಿ ರಾಜ್ಯ ತಂಡಕ್ಕೆ ಆಡಿದ್ದರಂತೆ. ಬಲಮಂಡಿಯ ಮೇಲೆ ಉದ್ದಕ್ಕೆ ಆಪರೇಷನ್ನಿನ ಗಾಯದ ಗುರುತಿತ್ತು. ಆ ಮಂಡಿ ಇಟ್ಟುಕೊಂಡೇ ಅವರು ಹದಿನಾಲ್ಕರ ಹುಡುಗಿಯರನ್ನು ಓಡಿ ಹಿಡಿಯುತ್ತಿದ್ದರು. ಹುಡುಗಿಯರಿಗೆ ಅವರೆಂದರೆ ಹೆದರಿಕೆಯೂ ಅಷ್ಟೇ, ಸಲುಗೆಯೂ ಅಷ್ಟೇ. ಯಾರಾದರೂ "ಸುಸ್ತಾಯ್ತು ಮೇಡಂ" ಅಂದರೆ, "ಸುಸ್ತು ಅನ್ನದು ಅಡುಗೆ ಮನೇಲಿ ಬಿಟ್ಟು ಬರ್ಬೇಕು ಕಣೇ" ಅನ್ನುತ್ತಿದ್ದರು.

ಎರಡನೆಯ ವರ್ಷ ನಮ್ಮ ಹುಡುಗಿಯರು ತಾಲ್ಲೂಕು ಗೆದ್ದು ಜಿಲ್ಲಾ ಮಟ್ಟಕ್ಕೆ ಹಾಸನಕ್ಕೆ ಹೋದರು. ಜೊತೆಗೆ ಇನ್ನೊಬ್ಬರು ಟೀಚರ್ ಬೇಕೆಂದು ನಾನೂ ಹೋದೆ. ಬೆಳಿಗ್ಗೆ ಸ್ಟೇಡಿಯಂ ಗೇಟು ದಾಟಿ ಹತ್ತು ಹೆಜ್ಜೆ ಹಾಕಿರಲಿಲ್ಲ, ಮೇಡಂ ಗಕ್ಕನೆ ನಿಂತರು. ಆಚೆ ಬದಿಯಲ್ಲಿ ಒಬ್ಬರು ತಮ್ಮ ತಂಡದ ಹುಡುಗಿಯರಿಗೆ ಬೆನ್ನ ಹಿಂದೆ ನಂಬರು ಪಿನ್ನು ಮಾಡುತ್ತಿದ್ದರು. ಕಬಡ್ಡಿಯವರ ಹಾಗೆ ಅಗಲ ಭುಜ, ನರೆತ ಮೀಸೆ. ಆ ವರ್ಷವಷ್ಟೇ ಹೊರ ಜಿಲ್ಲೆಯಿಂದ ಅರಕಲಗೂಡು ತಾಲ್ಲೂಕಿನ ಒಂದು ಶಾಲೆಗೆ ವರ್ಗವಾಗಿ ಬಂದಿದ್ದ ಪಿ.ಟಿ. ಮೇಷ್ಟ್ರು.

"ಏನಾಯ್ತು ಮೇಡಂ?" ಅಂದೆ.

"ಏನಿಲ್ಲ. ನಡಿ" ಅಂದರು. ಆದರೆ ಆವತ್ತು ಬೆಳಿಗ್ಗೆ ಎರಡು ಸಲ ಹುಡುಗಿಯರ ಹೆಸರು ತಪ್ಪಾಗಿ ಕರೆದರು.

ಮಧ್ಯಾಹ್ನ ಊಟದ ಹೊತ್ತಿಗೆ ನಾವಿಬ್ಬರೂ ಮರದ ಕೆಳಗೆ ಕೂತಾಗ, ಚಿತ್ರಾನ್ನದ ಪೊಟ್ಟಣ ಬಿಚ್ಚದೆ ಹಾಗೇ ಮಡಿಲಲ್ಲಿಟ್ಟುಕೊಂಡು ಹೇಳಿದರು. ಮೇಡಂ, ಆ ಮೇಷ್ಟ್ರು ಇಬ್ಬರೂ ಇದೇ ಸ್ಟೇಡಿಯಂನಲ್ಲಿ ಅಭ್ಯಾಸ ಮಾಡುತ್ತಿದ್ದವರು. ಅವರು ಕಬಡ್ಡಿ, ಇವರು ಖೋ ಖೋ. ಮೂರು ವರ್ಷ ಒಬ್ಬರ ಮ್ಯಾಚಿಗೆ ಇನ್ನೊಬ್ಬರು ತಪ್ಪದೆ ಹೋಗಿ ನಿಂತವರು. ಎರಡೂ ಮನೆಯವರು ಒಪ್ಪುವ ಹಾಗಿತ್ತು. ಹುಡುಗನ ಕಡೆಯವರು ಹೆಣ್ಣು ನೋಡಲು ಹಿರೀಸಾವೆಗೆ ಬರುವ ಭಾನುವಾರ ಗೊತ್ತಾಯಿತು. ಅದಾದ ಮೇಲೆ ರಾಜ್ಯ ತಂಡದ ಆಯ್ಕೆಯೂ ಅದೇ ಭಾನುವಾರಕ್ಕೆ ಬಿತ್ತು.

"ಒಂದ್ ವಾರ ಮುಂದಕ್ಕಾಕ್ಸು ಅಂತ ಕೇಳ್ದೆ. ಆಯ್ತು, ನಮ್ಮವ್ವಂಗೆ ಹೇಳ್ತೀನಿ ಅಂದ. ನಾನು ನಂಬ್ಕಂಡು ಸೆಲೆಕ್ಷನ್‌ಗೆ ಬಂದೆ."

ಅವರು ಹೇಳಿರಲಿಲ್ಲ. ತಾಯಿಯ ಮುಂದೆ ಬಾಯಿ ಬಂದಿರಲಿಲ್ಲ. ಎರಡು ಕಾರು ತುಂಬಾ ಜನ ಹೂವು ಹಣ್ಣು ಸಮೇತ ಹಿರೀಸಾವೆಗೆ ಹೋಗಿ ಕೂತರು, ಹುಡುಗಿ ಮನೆಯಲ್ಲಿಲ್ಲ. "ಮೈದಾನದಲ್ಲಿ ಓಡಾಡೋ ಎಣ್ಣು ಮನೇಲೆಲ್ಲಿ ನಿಂತಾಳು" ಎಂದು ಯಾರೋ ಅಂದರು. ಹುಡುಗ ತಲೆ ತಗ್ಗಿಸಿ ಕೂತಿದ್ದನಂತೆ. ಕೊಟ್ಟ ಕಾಫಿಯನ್ನೂ ಮುಟ್ಟದೆ ಎಲ್ಲರೂ ಎದ್ದುಹೋದರು.

"ಅವತ್ತು ನಾನು ಸೆಲೆಕ್ಟ್ ಆದೆ ಕಣಮ್ಮ" ಎಂದರು ಮೇಡಂ. ಪೊಟ್ಟಣದ ದಾರ ಬಿಚ್ಚುತ್ತಾ, "ಅವನು ಬಂದು ತಪ್ಪಾಯ್ತು ಅಂದ. ನಂಗೆ ಕೋಪ. ನನ್ ಪರವಾಗಿ ಒಂದ್ ಮಾತಾಡಕ್ಕಾಗ್ದೋನ ಜೊತೆ ಹೆಂಗ್ ಬಾಳದು ಅಂತ ಕಳಿಸ್ಬುಟ್ಟೆ" ಎಂದರು. ಆಮೇಲೆ ಆ ಮೇಷ್ಟ್ರಿಗೆ ಬೇರೆ ಕಡೆ ಮದುವೆಯಾಯಿತು. ಹೆಂಡತಿ ತೀರಿಹೋಗಿ ಆರು ವರ್ಷವಾಗಿದೆ, ಒಬ್ಬಳೇ ಮಗಳು ಎನ್ನುವುದನ್ನು ಆವತ್ತು ಬೆಳಿಗ್ಗೆಯೇ ಯಾರೋ ಮೇಡಂಗೆ ಹೇಳಿದ್ದರು.

ಫೈನಲ್ಲಿನಲ್ಲಿ ನಮಗೆ ಎದುರಾಗಿದ್ದು ಅವರದೇ ತಂಡ.

ಆಟದ ಕೊನೆಯ ನಿಮಿಷ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡೂ ಕಡೆ ಪಾಯಿಂಟು ಸಮ. ನಮ್ಮವರು ಬೆನ್ನಟ್ಟುತ್ತಿದ್ದರು. ಅವರ ಕಡೆ ಓಡುತ್ತಿದ್ದವಳು ಸಣಕಲು ಹುಡುಗಿ, ಮೀನಿನ ಹಾಗೆ ಜಾರುತ್ತಿದ್ದಳು. ನಮ್ಮ ಕ್ಯಾಪ್ಟನ್ ಕಂಬವನ್ನು ಒಂದು ಕೈಯಲ್ಲಿ ಹಿಡಿದು ಇಡೀ ಮೈಯನ್ನು ಗಾಳಿಗೆ ಚಾಚಿ ಬಿದ್ದಳು. ಬೆರಳು ಆ ಹುಡುಗಿಯ ಬೆನ್ನಿಗೆ ತಗುಲಿತೋ ಇಲ್ಲವೋ... ಹಿಂದೆಯೇ ಆಟ ಮುಗಿದ ವಿಷಲ್. ಅಂಪೈರ್ ಕೈ ಅಲ್ಲಾಡಿಸಿದರು: ಔಟ್ ಇಲ್ಲ.

"ಮುಟ್ಟಿದೆ ಸಾ! ದೇವರಾಣೆ ಮುಟ್ಟಿದೆ!" ನಮ್ಮ ಹುಡುಗಿ ಮಣ್ಣಿನಲ್ಲಿ ಕೂತು ಕೂಗುತ್ತಿದ್ದಳು.

ಆಗ ಆ ಮೇಷ್ಟ್ರು ಗೆರೆ ದಾಟಿ ಒಳಗೆ ಬಂದರು. "ಔಟಾಗವ್ಳೆ ಸಾ. ನಾನು ಕಂಬದ ಹತ್ರಾನೇ ನಿಂತಿದ್ದೆ. ಕೈ ತಗುಲ್ತು."

ಅಂಪೈರಿಗೆ ಅರ್ಥವಾಗಲಿಲ್ಲ. "ನೀವು ಆ ಟೀಮಿನ ಮೇಷ್ಟ್ರಲ್ವೇನ್ರೀ?"

"ಔದು ಸಾ. ಓಡ್ತಿದ್ದೋಳು ನನ್ ಮಗ್ಳೇ. ಬೇಕಾದ್ರೆ ಅವಳನ್ನೇ ಕೇಳಿ."

ಆ ಹುಡುಗಿ ಅಪ್ಪನನ್ನು ನೋಡಿದಳು, ನೆಲ ನೋಡಿದಳು, ತಲೆ ಆಡಿಸಿದಳು. ಔಟ್. ನಾವು ಗೆದ್ದೆವು.

ನಮ್ಮ ಹುಡುಗಿಯರು ಕುಣಿಯುತ್ತಿದ್ದರು. ಮೇಡಂ ಮಾತ್ರ ಸೋತವರ ಕಡೆ ನಡೆದರು. ಅಳುತ್ತಿದ್ದ ಹುಡುಗಿಯ ಮುಂದೆ ಮಂಡಿಯೂರಿ, ತರಚಿದ ಮೊಣಕೈಗೆ ನೀರು ಹಾಕಿ ಒರೆಸಿ, "ನಿನ್ನಂಗೆ ತಪ್ಪಿಸ್ಕಳ್ಳೋಳ್ನ ನಾನು ಹತ್ತು ವರ್ಷದಲ್ಲಿ ನೋಡಿರ್ಲಿಲ್ಲ ಕಣವ್ವ" ಅಂದರು. ಎದ್ದು ನಿಂತಾಗ ಮೇಷ್ಟ್ರು ಎದುರಿಗಿದ್ದರು. ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದರು.

"ಬಾಯಿ ಬರಕೆ ಇಪ್ಪತ್ತೊಂದು ವರ್ಷ ಬೇಕಾಯ್ತಲ್ಲೋ ನಿಂಗೆ!" ಎಂದರು ಮೇಡಂ.

ಪರವೂರಿನ ಮೇಷ್ಟ್ರನ್ನು ಏಕವಚನದಲ್ಲಿ ಕರೆದದ್ದು ಕೇಳಿ ನಮ್ಮ ಹುಡುಗಿಯರು ಕುಣಿಯುವುದನ್ನು ನಿಲ್ಲಿಸಿದರು. ಮೇಷ್ಟ್ರು ಮೊದಲು ಕಕ್ಕಾಬಿಕ್ಕಿಯಾದರು, ಆಮೇಲೆ ನಕ್ಕರು. ಮೇಡಂ ಕೂಡ ನಕ್ಕರು. ಅವರು ಹಾಗೆ ಬಾಯಿ ತುಂಬಾ ನಕ್ಕದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಅದಾಗಿ ಮೂರನೇ ಭಾನುವಾರ ಆ ಹುಡುಗಿ ಒಬ್ಬಳೇ ಬಸ್ಸು ಹತ್ತಿ ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು. ಜಗಳಕ್ಕೇ ಬಂದಿದ್ದಾಳೆ ಎಂದುಕೊಂಡೆ. "ಅಪ್ಪಂಗೆ ಹೇಳೇ ಬಂದಿದೀನಿ. ಮೇಡಂ, ನಂಗೆ ಕಂಬದ ಡೈವ್ ಹೇಳ್ಕೊಡ್ತೀರಾ?" ಅಂದಳು. ಮೇಡಂ ಅವಳಿಗೆ ಮೊದಲು ದೋಸೆ ಹಾಕಿಕೊಟ್ಟು, ಆಮೇಲೆ ಮೈದಾನಕ್ಕೆ ಕರೆದುಕೊಂಡು ಹೋದರು. ಮುಂದಿನ ಭಾನುವಾರವೂ ಬಂದಳು. ಅದರ ಮುಂದಿನ ವಾರದಿಂದ, "ಬಸ್ಸು ರಶ್ಶು" ಎಂಬ ನೆಪದಲ್ಲಿ ಅಪ್ಪನೇ ಬೈಕಿನಲ್ಲಿ ಬಿಡಲು ಬರತೊಡಗಿದರು. ಬಿಟ್ಟವರು ಹೋಗುತ್ತಿರಲಿಲ್ಲ. ಸುಣ್ಣದ ಗೆರೆ ಎಳೆಯುವುದು, ಕಂಬದ ಬುಡಕ್ಕೆ ಮಣ್ಣು ತುಂಬುವುದು, ಹೀಗೆ ಏನಾದರೊಂದು ಕೆಲಸ ಹುಡುಕಿಕೊಳ್ಳುತ್ತಿದ್ದರು. ಊರವರೆಲ್ಲರಿಗೂ ಗೊತ್ತಾಗಿತ್ತು. ಗೊತ್ತಿಲ್ಲದ ಹಾಗೆ ಇದ್ದವರು ಅವರಿಬ್ಬರೇ.

ಕೊನೆಗೆ ಕೇಳಿದವಳೂ ಮಗಳೇ. ದೋಸೆ ಮುರಿಯುತ್ತಾ, ಪರೀಕ್ಷೆ ಯಾವತ್ತು ಎಂದು ಕೇಳುವಷ್ಟೇ ಸಲೀಸಾಗಿ, "ನೀವು ನಮ್ಮಪ್ಪನ್ನ ಮದ್ವೆ ಆಯ್ತೀರಾ ಮೇಡಂ?" ಎಂದಳು. ಮೇಡಂ ಕಾವಲಿ ಮೇಲಿದ್ದ ದೋಸೆಯನ್ನು ಸೀಯಿಸಿಬಿಟ್ಟರು.

ಆ ವಾರವಿಡೀ ಅವರಿಗೆ ನಿದ್ದೆಯಿಲ್ಲ. ಈ ವಯಸ್ಸಿನಲ್ಲಿ ಜನ ನಗುವುದಿಲ್ಲವೇ, ಹಳೆಯ ಗಾಯ ಮತ್ತೆ ಬಿಚ್ಚಿಕೊಂಡರೆ... "ಅವರವ್ವ ಇನ್ನೂ ಬದುಕವ್ರೆ ಕಣಮ್ಮ. ಆ ಭಾನುವಾರಾನ ಅವರು ಮರೆತಿರ್ತಾರಾ?" ಎಂದರು.

ಉತ್ತರ ಮುಂದಿನ ಭಾನುವಾರ ಕಾರಿನಲ್ಲಿ ಬಂತು. ಮೇಷ್ಟ್ರು ತಾಯಿಯನ್ನು ಕೈಹಿಡಿದು ಇಳಿಸಿದರು. ಎಂಬತ್ತು ದಾಟಿದ ಅಜ್ಜಿ. ಬೆನ್ನು ಬಾಗಿತ್ತು, ದನಿ ಬಾಗಿರಲಿಲ್ಲ. ಮನೆಗೆ ಹೋಗೋಣವೆಂದರೆ ಒಪ್ಪದೆ ಮೈದಾನದ ಗೆರೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ಮಡಿಲಲ್ಲಿ ಹೂವು, ಹಣ್ಣು.

"ಅವತ್ತು ಮನೆಗೆ ಬಂದಿದ್ದೊ, ನೀನು ಸಿಗ್ನಿಲ್ಲ. ಅದುಕ್ಕೇ ಇವತ್ತು ಇಲ್ಲಿಗೇ ಬಂದಿವ್ನಿ" ಎಂದರು. "ಈ ದಡ್ಡ ಮುಂಡೇದು ನಿನ್ನ ಮಾತ ನಂಗೆ ಯೋಳಿರ್ಲೇ ಇಲ್ಲ ಕಣವ್ವ. ಮೊನ್ನೆ ಯೋಳ್ದ. ಇಷ್ಟ್ ವರ್ಸ ನಾನು ಸುಮ್‌ಸುಮ್ನೆ ನಿನ್ನ ಬಯ್ಕಂಡಿದ್ನಲ್ಲ..." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಓಡವ್ವ, ನೋಡಾನ. ಅದೇನ್ ಆಟ, ಅದಕ್ಕೆ ನನ್ ಮಗನ್ನೇ ಬುಟ್ಟು ಓದ್ಯಲ್ಲ" ಅಂದರು.

ನಮ್ಮ ಎಂಟು ಹುಡುಗಿಯರು ಸಾಲಾಗಿ ಕೂತರು. ಮೇಷ್ಟ್ರ ಮಗಳು ಬೆನ್ನಟ್ಟುವವಳು. ನಲವತ್ಮೂರರ ನಮ್ಮ ಮೇಡಂ ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಚಪ್ಪಲಿ ಬಿಟ್ಟು ಅಂಕಣಕ್ಕೆ ಇಳಿದರು. ಕೂತವರ ನಡುವೆ ಒಳಗೆ ಹೊರಗೆ, ಒಳಗೆ ಹೊರಗೆ... ಆ ಮಂಡಿಗೆ ಆವತ್ತು ಏನಾಗಿತ್ತೋ! "ಖೋ!" "ಖೋ!" ಎಂದು ಹುಡುಗಿಯರು ಕಿರುಚುತ್ತಿದ್ದರು. ಅಜ್ಜಿ ಕುರ್ಚಿಯ ತುದಿಗೆ ಬಂದು, "ಇಡಿ, ಇಡಿ! ಅಯ್ಯೋ, ತಪ್ಪಿಸ್ಕಂಡ್ಬುಟ್ಲು!" ಎಂದು ಕೈ ತಟ್ಟುತ್ತಿದ್ದರು. ಎರಡು ನಿಮಿಷವಾದ ಮೇಲೆ ಮೇಡಂ ತಾವಾಗಿಯೇ ಮೇಷ್ಟ್ರ ಮಗಳ ಕೈಗೆ ಸಿಕ್ಕರು. ಏದುಸಿರು ಬಿಡುತ್ತಾ ಅಜ್ಜಿಯ ಮುಂದೆ ಬಂದು ನಿಂತರು.

"ಎಣ್ಣು ಒಪ್ಗೆ ಆಯ್ತು" ಎಂದು ಅಜ್ಜಿ ಹೂವು ತೆಗೆದುಕೊಂಡರು. "ನಿಂಗೆ ಗಂಡು ಒಪ್ಗೆನಾ?"

ಮೇಡಂ ಮೇಷ್ಟ್ರ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ, "ಬೆಳಿಗ್ಗೆ ಮೈದಾನಕ್ಕೆ ಹೋಗದು ನಾನು ಬಿಡಕಿಲ್ಲ" ಅಂದರು.

"ಬಿಡು ಅಂದೋರ್ಯಾರು? ನಾನೂ ಬತ್ತೀನಿ" ಎಂದರು ಅವರು. ಈ ಸಲ ಬಾಯಿ ಬರಲು ಅರೆಕ್ಷಣವೂ ಹಿಡಿಯಲಿಲ್ಲ.

ಹೊಳೆನರಸೀಪುರದ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಯಿತು. ಸಾಕ್ಷಿಗೆ ನಾನೂ ಸಹಿ ಹಾಕಿದೆ. ಎರಡು ಶಾಲೆಯ ತಂಡದ ಹುಡುಗಿಯರು ಟ್ರ್ಯಾಕ್ ಸೂಟಿನಲ್ಲೇ ಬಂದು ಮೆಟ್ಟಿಲಿನ ಎರಡೂ ಬದಿಗೆ ಸಾಲಾಗಿ ನಿಂತಿದ್ದರು. ಮೇಡಂ ಅರಕಲಗೂಡಿನ ಕಡೆಗೆ ವರ್ಗ ಮಾಡಿಸಿಕೊಂಡು ಹೋದರು. ನಾನು ಆ ಮನೆಯಲ್ಲಿ ಒಂದೇ ಕುಕ್ಕರ್ ಕೂಗಿಸುತ್ತಾ ಉಳಿದೆ. ಸಂಕಟವಾಗಲಿಲ್ಲ ಎಂದರೆ ಸುಳ್ಳು. ಆದರೆ ಅವರು ಫೋನ್ ಮಾಡಿದಾಗಲೆಲ್ಲ ಹಿಂದೆ ಯಾರಾದರೂ ನಗುತ್ತಿರುತ್ತಿದ್ದರು.

ಒಂಬತ್ತು ವರ್ಷ ಹಾಗೆ ಕಳೆಯಿತು. ಎರಡು ವರ್ಷದ ಹಿಂದೆ ಮೇಡಂ ತೀರಿಕೊಂಡರು. ಹೃದಯಾಘಾತ. ಅಂತ್ಯಕ್ರಿಯೆಗೆ ಹೋಗಿ ಬಂದ ಮೇಲೆ ಅವರ ಮನೆಗೆ ಮತ್ತೆ ಹೋಗುವ ಧೈರ್ಯ ನನಗೆ ಬಂದಿರಲಿಲ್ಲ. ಬಸ್ಸಿನಲ್ಲಿ ಅವರನ್ನು ನೆನೆದ ಮರುದಿನವೇ ಅರಕಲಗೂಡಿಗೆ ಹೋದೆ.

ಮೇಷ್ಟ್ರು ನಿವೃತ್ತರಾಗಿದ್ದರು. ಮಗಳಿಗೆ ತುಮಕೂರಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾಳಂತೆ. ಅವರೇ ಕಾಫಿ ಮಾಡಿಕೊಟ್ಟರು. ಮೈದಾನದಲ್ಲಿ ಅಜ್ಜಿ ಕೈ ತಟ್ಟಿದ್ದನ್ನು ನೆನೆದು ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಬರುತ್ತೇನೆಂದು ಎದ್ದಾಗ ಬಸ್ ಸ್ಟ್ಯಾಂಡಿನವರೆಗೆ ಬಿಡಲು ಬಂದರು.

"ಎಲ್ಲಿಗೇ ಹೋದ್ರೂ ಅವಳು ನನಗಿಂತ ಎರಡು ಹೆಜ್ಜೆ ಮುಂದೆ ಕಣಮ್ಮ" ಅಂದರು ದಾರಿಯಲ್ಲಿ. "ನಿಧಾನ ಕಣೇ ಅಂದ್ರೆ, ನೀನೇ ಬೇಗ ಬಾ ಅನ್ನೋಳು."

ಸಂಜೆ ಬಿಸಿಲು ಎದುರಿಗೆ ಬೀಳುತ್ತಿತ್ತು. ನಾನು ಅವರ ನಡಿಗೆಗೆ ತಕ್ಕಂತೆ ನಿಧಾನವಾಗಿ ಹೆಜ್ಜೆ ಹಾಕಿದೆ. ಬಸ್ ಸ್ಟ್ಯಾಂಡಿನ ತಿರುವಿನವರೆಗೂ ರಸ್ತೆಯಲ್ಲಿ ನಮ್ಮ ಮುಂದೆ ಯಾರೂ ಇರಲಿಲ್ಲ.