ಖಾಲಿ ಕುರ್ಚಿಯ ತಾಳ

ಹಳೆಯ ಸಿ.ಡಿ. ಪ್ಲೇಯರಿನ ಟ್ರೇ ಮುಕ್ಕಾಲು ಭಾಗ ಹೊರಗೆ ಬಂದು ನಿಂತುಬಿಡುತ್ತಿತ್ತು. ಉಳಿದ ಕಾಲು ಭಾಗವನ್ನು ಉಗುರಿನಿಂದ ಎಳೆಯಬೇಕು. ಹೊಸದರದು ಹಾಗಲ್ಲ. ಎಣ್ಣೆಯ ಮೇಲೆ ಜಾರಿದ ಹಾಗೆ ಬರುತ್ತದೆ, ಸದ್ದೇ ಇಲ್ಲ... ಆ ರಾತ್ರಿ ಆ ಕೋಣೆಯಲ್ಲಿ ಸದ್ದು ಮಾಡಬಹುದಾಗಿದ್ದ ವಸ್ತುಗಳು ಯಾವುವು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಆ ಟ್ರೇ ಅವುಗಳಲ್ಲಿ ಒಂದಲ್ಲ.

ಇಂಥದ್ದನ್ನೆಲ್ಲ ಹೇಳಿಕೊಂಡು ತಿರುಗುವವಳು ನಾನಲ್ಲ. ಹೊಳೆನರಸೀಪುರದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳು ದೆವ್ವದ ಮಾತೆತ್ತಿದರೆ ನಕ್ಕು ಸುಮ್ಮನಾಗುತ್ತೇನೆ. ಆದರೆ ಇದು ನನ್ನ ಮನೆಯಲ್ಲಿ ನಡೆದದ್ದು, ನನ್ನ ಕಿವಿಯೇ ಕೇಳಿದ್ದು. ನಡೆದದ್ದಕ್ಕಿಂತ ಒಂದು ಅಕ್ಷರವನ್ನೂ ಹೆಚ್ಚಿಗೆ ಬರೆದಿಲ್ಲ.

ಅಪ್ಪ ಹಾಸನದಲ್ಲಿ ಬಿತ್ತನೆ ಆಲೂಗಡ್ಡೆಯ ವ್ಯಾಪಾರ ಮಾಡುತ್ತಿದ್ದರು. ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ಒಂದು ಕಾಲಕ್ಕೆ ಮೂಟೆ ಪೇರಿಸುತ್ತಿದ್ದರು. ದಪ್ಪ ಗೋಡೆ, ಕಿಟಕಿಯಿಲ್ಲ. ವ್ಯಾಪಾರ ದೊಡ್ಡ ಗೋದಾಮಿಗೆ ಹೋದ ಮೇಲೆ ಅಪ್ಪ ಅದನ್ನು ಹಾಡು ಕೇಳುವ ಕೋಣೆ ಮಾಡಿಕೊಂಡರು. ಪ್ರತಿಧ್ವನಿ ಬರಬಾರದೆಂದು ಗೋಡೆಗೆಲ್ಲ ಗೋಣಿಚೀಲ ಹೊಡೆಸಿದರು. ಆಳೆತ್ತರದ ಎರಡು ಸ್ಪೀಕರ್, ಎತ್ತಲಾರದಷ್ಟು ಭಾರದ ಆಂಪ್ಲಿಫೈಯರ್, ಒಂದು ಒಳ್ಳೆಯ ಸಿ.ಡಿ. ಪ್ಲೇಯರ್. "ಆಲೂಗಡ್ಡೆ ಮಾರೋನಿಗೆ ವೀಣೆ ಬೇಕಂತೆ!" ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ಅಪ್ಪನೂ ಅವರ ಜೊತೆ ನಗುತ್ತಿದ್ದರು.

ಅಮ್ಮ ನಾನು ಚಿಕ್ಕವಳಿರುವಾಗಲೇ ಹೋದರು. ಆಮೇಲೆ ಪ್ರತಿ ಸಂಜೆ ಅಪ್ಪ ಬೆತ್ತದ ಕುರ್ಚಿಯಲ್ಲಿ, ನಾನು ಅದರ ಬಲಕ್ಕೆ ಚಾಪೆಯ ಮೇಲೆ. ನಮ್ಮಿಬ್ಬರ ನಡುವೆ ಮಾತು ಕಡಿಮೆ. ಕುರ್ಚಿಯ ಮರದ ತೋಳಿನ ಮೇಲೆ ಅಪ್ಪ ಉಂಗುರ ತೊಟ್ಟ ಬೆರಳಿನಿಂದ ತಾಳ ಹಾಕುತ್ತಿದ್ದರು. ಆ ತಾಳ ಯಾವಾಗಲೂ ಹಾಡಿಗಿಂತ ಕೂದಲೆಳೆಯಷ್ಟು ಮುಂದೆ. ವ್ಯಾಪಾರಿಯ ಆತುರ.

ಹೋದ ವರ್ಷ ಅಪ್ಪ ತೀರಿಕೊಂಡರು. ಕೆಲವು ತಿಂಗಳಲ್ಲಿ ಪ್ಲೇಯರಿನ ಲೆನ್ಸ್ ಕೂಡ ಸೋತಿತು. ಅಪ್ಪನಿಗೆ ಇಷ್ಟವಾದ ವೀಣೆಯ ಡಿಸ್ಕ್ ನಡುನಡುವೆ ಎಗರತೊಡಗಿತು. ಆ ಲೆನ್ಸ್ ಈಗ ಎಲ್ಲೂ ಸಿಗುವುದಿಲ್ಲ.

ಒಂದು ಮಧ್ಯಾಹ್ನ ಅರಕಲಗೂಡಿನ ರಂಗಣ್ಣ ಬಂದ. ಮದುವೆ, ಹಬ್ಬಗಳಿಗೆ ಮೈಕ್‌ಸೆಟ್ ಕಟ್ಟುವವನು. ಜೊತೆಗೆ ಹಳೆಯ ಆಡಿಯೋ ಸಾಮಾನು ಕೊಂಡು ಮಾರುತ್ತಾನೆ. ವ್ಯಾನಿನಿಂದ ಕಂಬಳಿ ಸುತ್ತಿದ ಏನನ್ನೋ ಮಗುವಿನ ಹಾಗೆ ಎತ್ತಿಕೊಂಡು ಬಂದ.

"ನೋಡವ್ವಾ, ನಿಮ್ಮಪ್ಪಾರು ಏಳಿದ್ರಲ್ಲ, ಅದೇ ಮಾಡ್ಲು. ಎಲ್ಡು ವರ್ಸದಿಂದ ಉಡುಕ್ತಿದ್ದೆ. ಈಗ ಸಿಕ್ತು, ನೋಡೋಕೆ ಅವ್ರೇ ಇಲ್ಲ."

"ಎಲ್ಲಿಂದ ತಂದ್ರಿ?"

"ಚನ್ನರಾಯಪಟ್ಟಣದಾಗೆ ಒಬ್ರು ರಿಟೈರ್ಡ್ ಮೇಷ್ಟ್ರುದು. ಒಂದು ಗೀರಿಲ್ಲ ಕಣವ್ವ, ಎಣ್ಮಗಳ್ನ ಸಾಕ್ದಂಗೆ ಸಾಕವ್ರೆ." ತಂತಿ ಜೋಡಿಸುತ್ತ ತನ್ನ ಮಾತಿಗೆ ತಾನೇ ನಕ್ಕ. "ಇವತ್ತೊಂದು ರಾತ್ರಿ ಎಲ್ಡೂ ಇಟ್ಕಂಡು ಕೇಳು. ನಾಳೆ ಬೆಳಿಗ್ಗೆ ಶಾಂತಿಗ್ರಾಮಕ್ಕೆ ಮೈಕ್ ಕಟ್ಟಾಕೆ ಓಗೋನಿವ್ನಿ. ಇತ್ಲಾಗೆ ಬಂದು, ನಿಂಗೆ ಯಾವ್ದು ಬ್ಯಾಡ್ವೋ ಅದ್ನ ಎತ್ಕಂಡೋಯ್ತೀನಿ."

ಹೊಸದು ಬೇಕೆಂದರೆ ಹಳೆಯದನ್ನು ಕೊಡಬೇಕು. ಅಪ್ಪನ ಬೆರಳು ತಾಗಿ ತಾಗಿ ಗುಂಡಿಯ ಮೇಲಿನ ಬಿಳಿ ಗುರುತು ಅಳಿಸಿಹೋಗಿದ್ದ ಆ ಪ್ಲೇಯರನ್ನು. ಬೆಳಗಾಗುವುದರೊಳಗೆ ನಾನು ತೀರ್ಮಾನಿಸಬೇಕಿತ್ತು.

ಊಟ ಮುಗಿಸಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಗೋಣಿ ಮತ್ತು ಒಣಮಣ್ಣಿನ ಹಳೆಯ ವಾಸನೆ. ಚಾಪೆಯ ಮೇಲೆ ನನ್ನ ಜಾಗದಲ್ಲೇ ಕೂತೆ. ಹೊಸ ಪ್ಲೇಯರಿಗೆ ವೀಣೆಯ ಡಿಸ್ಕ್ ಹಾಕಿದೆ.

ನಾನು ಬಾಲ್ಯದಿಂದ ಕೇಳಿದ ಡಿಸ್ಕ್ ಅದು. ಆದರೂ ಕೇಳಿರಲೇ ಇಲ್ಲ ಅನ್ನಿಸಿತು... ತಂತಿಯ ಮೇಲೆ ಬೆರಳು ಜಾರುವ ಸಣ್ಣ ಉಜ್ಜು. ಸ್ವರ ಅಡಗಿದ ಮೇಲೂ ಉಳಿಯುವ ಗುಂಯ್‌ಕಾರ. ವೀಣೆ ನುಡಿಸುತ್ತಿದ್ದ ಹೆಂಗಸು ಉಸಿರು ಎಳೆದುಕೊಂಡದ್ದು ಕೂಡ ಕೇಳಿಸಿತು.

ಆಮೇಲೆ ಇನ್ನೊಂದು ಸದ್ದು.

ಟಕ್... ಟಕ್...

ಮರದ ಮೇಲೆ ಬೆರಳು ಬಡಿದಂತೆ. ಮೆತ್ತಗೆ. ಎಡಗಡೆಯಿಂದ.

ನನಗೆ ಹೆದರಿಕೆಯಾಗಲಿಲ್ಲ. ರೆಕಾರ್ಡಿಂಗ್ ಕೋಣೆಯಲ್ಲಿ ಯಾರೋ ತಾಳ ಹಾಕಿರಬೇಕು, ಹಳೆಯ ಪ್ಲೇಯರ್ ಅದನ್ನು ಹೆಕ್ಕಿರಲಿಲ್ಲ ಅಂದುಕೊಂಡೆ. ತಂತಿ ಬದಲಿಸಿ ಹಳೆಯದರಲ್ಲಿ ಅದೇ ಹಾಡು ಹಾಕಿದೆ. ಎಗರಿ ಎಗರಿ ಓಡಿತು. ಆ ಸದ್ದು ಇಲ್ಲ. ಮತ್ತೆ ಹೊಸದರಲ್ಲಿ ಹಾಕಿದೆ. ಇದೆ. ಸರಿ, ನನ್ನ ಊಹೆ ಸರಿಯಾಯಿತು.

ಖಚಿತ ಮಾಡಿಕೊಳ್ಳಲು ಬೇರೆ ಡಿಸ್ಕ್ ಹಾಕಿದೆ. ಕೊಳಲು. ಬೇರೆ ಊರು, ಬೇರೆ ಕಲಾವಿದ, ಬೇರೆ ಕಾಲ.

ಟಕ್... ಟಕ್... ಟಕ್...

ಅದೇ ಬೆರಳು.

ನನ್ನ ಊಹೆ ಬಿದ್ದುಹೋಯಿತು. ಆದರೂ ಪರೀಕ್ಷೆಗೆ ಒಂದು ದಾರಿ ಉಳಿದಿತ್ತು. ಅಪ್ಪನ ಹೆಡ್‌ಫೋನ್. ಅದನ್ನು ಆಂಪ್ಲಿಫೈಯರಿಗೆ ಚುಚ್ಚಿದರೆ ಸ್ಪೀಕರುಗಳು ಸುಮ್ಮನಾಗುತ್ತವೆ, ಹಾಡು ನನ್ನ ಕಿವಿಯೊಳಗೆ ಮಾತ್ರ. ಸದ್ದು ಡಿಸ್ಕಿನಲ್ಲಿದ್ದರೆ ಅಲ್ಲೂ ಕೇಳಿಸಲೇಬೇಕು. ಮತ್ತೆ ವೀಣೆಯ ಡಿಸ್ಕ್ ಹಾಕಿ, ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡೆ.

ಬರೀ ವೀಣೆ. ತಾಳವಿಲ್ಲ.

ಹಾಗಾದರೆ ಅದು ಡಿಸ್ಕಿನಲ್ಲಿಲ್ಲ...

ನಿಧಾನವಾಗಿ ಎಡಗಿವಿಯ ಮೇಲಿನ ಮುಚ್ಚಳ ಸರಿಸಿದೆ. ಕೋಣೆ ನಿಶ್ಶಬ್ದ. ಸ್ಪೀಕರುಗಳು ಸತ್ತಂತಿವೆ. ಬಲಗಿವಿಯಲ್ಲಿ ವೀಣೆ ನಡೆಯುತ್ತಿದೆ. ಎಡಗಿವಿಗೆ, ಆ ಮೌನದೊಳಗೆ...

ಟಕ್... ಟಕ್... ಟಕ್...

ನನ್ನ ಕಿವಿಯೊಳಗೆ ಮಾತ್ರ ನಡೆಯುತ್ತಿದ್ದ ಹಾಡಿಗೆ, ಆ ಕೋಣೆಯಲ್ಲಿ ಇನ್ನಾರಿಗೂ ಕೇಳಿಸಲು ಸಾಧ್ಯವೇ ಇಲ್ಲದ ಹಾಡಿಗೆ, ಬೆತ್ತದ ಕುರ್ಚಿಯ ತೋಳಿನ ಮೇಲೆ ಯಾರೋ ತಾಳ ಹಾಕುತ್ತಿದ್ದರು.

ಕುರ್ಚಿ ಖಾಲಿಯಿತ್ತು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ.

ಆಗ ನನಗೆ ಬಂದದ್ದು ಭಯಕ್ಕಿಂತ ಹೆಚ್ಚಾಗಿ ಆಸೆ. ಬಾಯಿಂದ ತಾನಾಗಿ ಬಂತು.

"ಅಪ್ಪಾ..."

ತಾಳ ನಿಲ್ಲಲಿಲ್ಲ.

"ಅಪ್ಪಾ, ನಾನು..." ಈ ಸಲ ಗಟ್ಟಿಯಾಗಿ.

ಬೆರಳು ತಡವರಿಸಲೂ ಇಲ್ಲ. ನನ್ನ ದನಿ ಅದಕ್ಕೆ ತಾಗಲೇ ಇಲ್ಲವೇನೋ ಎಂಬಂತೆ.

ಉಸಿರು ಬಿಗಿಹಿಡಿದು ಕೇಳಿದೆ. ಕೇಳುತ್ತ ಕೇಳುತ್ತ ವ್ಯತ್ಯಾಸ ಗೊತ್ತಾಯಿತು. ಅದರಲ್ಲಿ ಉಂಗುರದ ಸದ್ದಿಲ್ಲ. ಬರಿಯ ಬೆರಳು. ಹಾಡಿಗಿಂತ ಮುಂದೆ ಓಡುವುದೂ ಇಲ್ಲ. ಪ್ರತಿ ಪೆಟ್ಟೂ ಸ್ವಲ್ಪ ತಡವಾಗಿ, ನೆನಪಿನಿಂದ ಹುಡುಕಿ ತೆಗೆದು ಇಟ್ಟಂತೆ ಬೀಳುತ್ತಿತ್ತು.

ಅದು ಅಪ್ಪ ಅಲ್ಲ.

ಆಗಲೇ ವಾಸನೆ ಬಂತು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಬೆಚ್ಚಗಿನ ಎಣ್ಣೆ. ಚಿಕ್ಕವಳಿದ್ದಾಗ ಕಿವಿನೋವು ಬಂದರೆ ಅಜ್ಜಿ ಮಲಗಿಸಿಕೊಂಡು ಕಿವಿಗೆ ಬಿಡುತ್ತಿದ್ದ ಎಣ್ಣೆ. ನಮ್ಮ ಮನೆಯಲ್ಲಿ ಎಷ್ಟೋ ವರ್ಷಗಳಿಂದ ಅದನ್ನು ಯಾರೂ ಕಾಯಿಸಿಲ್ಲ. ಕುರ್ಚಿಯ ಬೆತ್ತ ಒಮ್ಮೆ ಕಿರುಗುಟ್ಟಿತು... ಯಾರೋ ಚೆನ್ನಾಗಿ ಕೇಳಿಸಲೆಂದು ಸ್ಪೀಕರಿನ ಕಡೆಗೆ ಬಾಗಿದಾಗ ಆಗುವಂತೆ.

ಎದ್ದು ಓಡಬೇಕಿತ್ತು. ನಾನು ಹೆಡ್‌ಫೋನಿನ ಪಿನ್ ಕಿತ್ತೆ. ವೀಣೆ ಕೋಣೆಯನ್ನೆಲ್ಲ ತುಂಬಿತು. ಮಂಡಿಯನ್ನು ಎದೆಗೊತ್ತಿಕೊಂಡು ಚಾಪೆಯ ಮೇಲೆ ಕೂತೆ. ಎಡಕ್ಕೆ ತಿರುಗಲಿಲ್ಲ. ಡಿಸ್ಕ್ ಮುಗಿಯುವವರೆಗೂ ತಾಳ ಬೀಳುತ್ತಲೇ ಇತ್ತು. ಕೊನೆಯ ಸ್ವರ ಅಡಗಿದ ಮೇಲೆ ಇನ್ನೊಂದು ಪೆಟ್ಟು ಬಿತ್ತು... ಆಮೇಲೆ ಏನೂ ಇಲ್ಲ.

ಯಾಕೆ ಓಡಲಿಲ್ಲ ಎಂದು ಕೇಳಿದರೆ ನನ್ನಲ್ಲಿರುವ ಉತ್ತರ ಒಂದೇ. ಅಪ್ಪ ಹೋದ ಮೇಲೆ ಆ ಕೋಣೆಯಲ್ಲಿ ನನ್ನ ಪಕ್ಕ ಯಾರೂ ಕೂತು ಹಾಡು ಕೇಳಿರಲಿಲ್ಲ.

ಬೆಳಿಗ್ಗೆ ರಂಗಣ್ಣ ಬಂದ. ನಾನು ಕಾಫಿ ಲೋಟ ಹಿಡಿದು ಬರುವಷ್ಟರಲ್ಲಿ ಕುರ್ಚಿಯ ಮುಂದೆ ನಿಂತು ಕೂರಲು ಬಗ್ಗಿದ್ದ.

"ಅಲ್ಲಿ ಬೇಡ!"

ಬೆಚ್ಚಿ ನೆಟ್ಟಗಾದ. "ಯಾಕವ್ವಾ, ಯಾರಾದ್ರೂ ಅವ್ರಾ?"

"ಬೆತ್ತ ಸಡಿಲವಾಗಿದೆ. ಸ್ಟೂಲ್ ಇದೆ, ಕೂತ್ಕೊಳ್ಳಿ."

ಸ್ಟೂಲಿನ ಮೇಲೆ ಕೂತು ಕಾಫಿ ಹೀರಿದ. ನಾನು ಆದಷ್ಟು ಸಹಜವಾಗಿ ಕೇಳಿದೆ. "ಆ ಮೇಷ್ಟ್ರು ತೀರ್ಕೊಂಡ್ರಾ?"

"ಬಿಡ್ತು ಅನ್ನವ್ವಾ! ಗುಂಡ್ಕಲ್ಲಿದ್ದಂಗವ್ರೆ. ದಿನಾ ತ್ವಾಟಕ್ಕೋಗಿ ಬತ್ತಾರೆ."

"ಮತ್ತೆ ಯಾಕೆ ಮಾರಿದ್ರು?"

"ಅವ್ರೆಲ್ಲಿ ಮಾರುದ್ರು? ಎಲ್ಡು ಕಿವೀನೂ ಓದ್ವು. ಔಸ್ದಿ ಆಯ್ತು, ಎಣ್ಣೆ ಆಯ್ತು, ಏನೂ ನಾಟ್ಲಿಲ್ಲ. ಆದ್ರೂ ದಿನಾ ಸಂಜೆ ಡಿಸ್ಕ್ ಆಕ್ಕಂಡು ಮುಂದೆ ಕುಂತ್ಬುಡೋರಂತೆ. ಒಂದು ಸೊಲ್ಲೂ ಕೇಳಾಕಿಲ್ಲ, ಆದ್ರೂ ತಾಳ ಆಕ್ಕಂಡು ಕುಂತಿರೋರು. ಅವ್ರ ಎಂಡ್ರು, ಎಂಗ್ಸು ಜೀವ, ಎಷ್ಟು ದಿನಾಂತ ನೋಡಾರು? ಮೇಷ್ಟ್ರು ತ್ವಾಟಕ್ಕೋದಾಗ ನನ್ನ ಕರ್ಸಿ ಎತ್ಸಿಬುಟ್ರು." ಖಾಲಿ ಲೋಟ ಕೆಳಗಿಟ್ಟ. "ಸರಿ, ಏಳು. ಯಾವ್ದ ಎತ್ಕಳ್ಳಿ?"

ಅಪ್ಪನ ಪ್ಲೇಯರಿನ ಅಳಿಸಿದ ಗುಂಡಿಯ ಮೇಲೆ ಒಮ್ಮೆ ಬೆರಳಿಟ್ಟೆ. ಆಮೇಲೆ ನಾನೇ ಅದರ ತಂತಿಗಳನ್ನು ಸುತ್ತಿ, ಕಂಬಳಿಯಲ್ಲಿ ಕಟ್ಟಿ ಅವನ ಕೈಗೆ ಕೊಟ್ಟೆ.

ಇದನ್ನು ಬರೆಯುತ್ತಿರುವ ಈಗಲೂ ನಾನು ಆ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂರುವುದಿಲ್ಲ.

ಆ ಬೆಳಿಗ್ಗೆ ವ್ಯಾನ್ ಬೀದಿ ತಿರುಗುವಷ್ಟರಲ್ಲಿ ಹೊಳೆನರಸೀಪುರದ ರೈಲಿಗೆ ಹೊತ್ತಾಗುತ್ತಿತ್ತು. ಬ್ಯಾಗು ಹೆಗಲಿಗೆ ಹಾಕಿಕೊಂಡು ಹಿಂದಿನ ಕೋಣೆಗೆ ಹೋದೆ. ವೀಣೆಯ ಡಿಸ್ಕ್ ಹಾಕಿದೆ, ಮುಗಿದ ಮೇಲೆ ಮತ್ತೆ ಮೊದಲಿನಿಂದ ಬರುವಂತೆ ಗುಂಡಿ ಒತ್ತಿದೆ, ಕುರ್ಚಿಯನ್ನು ಸ್ಪೀಕರಿನ ಹತ್ತಿರಕ್ಕೆ ಸ್ವಲ್ಪ ಸರಿಸಿದೆ. ಹೊರಗೆ ಬಂದು ಬಾಗಿಲೆಳೆದುಕೊಂಡೆ. ಬಾಗಿಲಿಗೆ ಕಿವಿಗೊಡಲಿಲ್ಲ. ಬೀಗ ಹಾಕಿ ಸ್ಟೇಷನ್ ಕಡೆ ನಡೆದೆ.