ಯಲವಿಗಿ ದಾರಿಯಲ್ಲಿ ನಿಂತ ವ್ಯಾನು

ಕೆಟ್ಟ ಸ್ಕೂಟರನ್ನು ಇವತ್ತು ಗ್ಯಾರೇಜಿಗೆ ಒಯ್ದಿದ್ದೆ. ಪೆಟ್ರೋಲ್ ವಾಸನೆಗೆ ಸವಣೂರಿನ ನಮ್ಮ ಅಂಗಳ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಒಂದು ಸಲ, ವೀಳ್ಯದೆಲೆಯನ್ನು ಯಲವಿಗಿ ಸ್ಟೇಶನ್ನಿಗೆ ಒಯ್ಯುತ್ತಿದ್ದ ಅಪ್ಪನ ಹಳೇ ವ್ಯಾನು ಎಂಜಿನ್ನು ಬಿಸಿಯೇರಿ ದಾರಿಯಲ್ಲೇ ನಿಂತಿತ್ತು. ಹೇರಿದ್ದ ಎಲೆಯೆಲ್ಲ ಬಾಡಿಹೋಯಿತು. ಎತ್ತು ಕಟ್ಟಿ ವ್ಯಾನನ್ನು ಮನೆಗೆ ಎಳೆದು ತಂದರು. ಪ್ಲಗ್ಗಿನಲ್ಲಿ ಕಿಡಿಯಿತ್ತು, ಪೆಟ್ರೋಲೂ ಬರುತ್ತಿತ್ತು, ಆದರೂ ಚಾಲೂ ಆಗಲಿಲ್ಲ. ಗಾಳಿಯಿಂದಲೇ ತಣ್ಣಗಾಗುವ ಎಂಜಿನ್ನು ಅದು. ನಾಲ್ಕನೇ ದಿನ ಅಪ್ಪ ಫ್ಯಾನಿನ ತಗಡು ಬಿಚ್ಚಿದರೆ ಒಳಗೆ ಇಲಿಯ ಗೂಡು! ಗಾಳಿಯಿಲ್ಲದೆ ಕಾದು ವಾಲ್ವು ಅಲುಗದಂತೆ ಕಚ್ಚಿಕೊಂಡಿತ್ತು.

ಅದನ್ನು ಬಿಡಿಸಿ, ಉಜ್ಜಿ, ಜೋಡಿಸಿ ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ನು ಗುಡುಗುಡು ಎಂದಿತು. ನಾನು ಕುಣಿದೆ. ಅಪ್ಪ ಮಾತ್ರ ಗಾಲಿಗೆ ಒರಗಿ ಕುಳಿತವನು ಹಾಗೇ ನಿದ್ದೆಹೋದ.

"ಎಬ್ಬಿಸಬ್ಯಾಡವ್ವಾ, ನಾಕ್ ದಿನದ ನಿದ್ದಿ ಐತಿ," ಎಂದಳು ಅವ್ವ. ಎಂಜಿನ್ನು ಬಂದ್ ಮಾಡಿ, ಅವನ ಕೈಯ ಮಸಿಯನ್ನು ಸೆರಗಿನಿಂದ ಒರೆಸಿದಳು.

"ಇನ್ನೂ ತಡ ಆಕ್ಕೈತ್ರಿ ಅಕ್ಕಾರ," ಎಂದ, ಇವತ್ತು ನನ್ನ ಸ್ಕೂಟರ್ ಬಿಚ್ಚಿಕೊಂಡು ಕೂತಿದ್ದ ಗ್ಯಾರೇಜಿನವ. ಅವನ ಕಣ್ಣುಗಳು ನಿದ್ದೆಗೆಟ್ಟು ಕೆಂಪಗಿದ್ದವು.

"ನಾಳೆ ಮಾಡಪಾ," ಎಂದು ನಡೆದೇ ಮನೆಗೆ ಬಂದೆ.