ದೇವರ ಮುಂದಿದ್ದ ಜಾಝ್ ಪುಸ್ತಕ

"ಏಳನೇ ಕ್ಲಾಸ್ ಕಲ್ತಾಕಿಗೆ ಜಾಝ್ ಯಾಕ್ ಬೇಕು? ಆ ಇಂಗ್ಲಿಷ್ ನೀ ಓದಾಕಿ?" ಎಂದು ನನ್ನಣ್ಣ ನಕ್ಕಿದ್ದ. ಓದಿಯೇ ತೋರಿಸುತ್ತೇನೆ ಎಂದುಕೊಂಡಿದ್ದೆ. ಆದರೆ ಸೀತಾಬರ್ಡಿ ಪೇಟೆಯಲ್ಲಿ ಕೊಂಡ ಹಳೆಯ ಜಾಝ್ ಪೆಟ್ಟಿಗೆಯಲ್ಲಿ ಸಿ.ಡಿ.ಗಳೆಲ್ಲ ಇದ್ದವು, ಯಾರು ಯಾವ ವಾದ್ಯ ನುಡಿಸಿದ್ದಾರೆಂದು ಹೇಳುವ ಪುಸ್ತಕವೇ ಇರಲಿಲ್ಲ. ಅಂಗಡಿಯವನಿಂದ ವಿಳಾಸ ಪಡೆದು, ಪೆಟ್ಟಿಗೆ ಮಾರಿದ್ದ ಮುದುಕಿಯ ಮನೆಗೆ, ಹತ್ತಿರದ ಕನ್ಹಾನ್ ಊರಿಗೆ ಹೋದೆ; ಎಲ್ಲರೂ ಅವರನ್ನು ಕಾಕೂ ಎನ್ನುತ್ತಿದ್ದರು. ತೀರಿಹೋದ ಗಂಡ ರೈಲ್ವೆಯಲ್ಲಿದ್ದವರು, ಜಾಝ್ ಹುಚ್ಚು ಅವರದು; ನಮ್ಮ ಧಾರವಾಡದ ಕಡೆಯವರೇ.

ಪುಸ್ತಕ ದೇವರ ಮುಂದಿತ್ತು. ಮುಖಪುಟದ ಸ್ಯಾಕ್ಸೊಫೋನ್ ವಾದಕನ ಹಣೆಗೆ ಕುಂಕುಮ.

"ಸಿ.ಡಿ. ಮಾರಿದೆ. ಅಕ್ಷರ ಹೆಂಗ ಮಾರ್ಲಿ? ದಸರಾಕ್ಕ ಇದಕ್ಕೂ ಪೂಜಿ ಮಾಡ್ತೀನಿ," ಎಂದರು ಕಾಕೂ.

"ಓದದೆ ಬರೇ ಪೂಜಿ ಮಾಡಿದ್ರ ಸರಸ್ವತಿ ಸಿಟ್ಟಾಗೂದಿಲ್ಲೇನ್ರಿ?"

"ನೀ ಓದ್ತಿಯೇನು? ಓದು, ಕೇಳೋಣು."

ತಡವರಿಸುತ್ತಲೇ ಒಂದು ಪುಟ ಗಟ್ಟಿಯಾಗಿ ಓದಿದೆ. ಕಾಕೂ ಕೈಮುಗಿದು ಕೇಳಿದರು.

"ತಿಳೀತೇನು?"

"ಅರ್ಧ ತಿಳೀತ್ರಿ."

"ನಮ್ಮ ಭಟ್ಟರಿಗೂ ಮಂತ್ರ ಅಷ್ಟ ತಿಳಿಯೂದು. ಒಯ್ಯಿ. ದಸರಾಕ್ಕ ಮಾತ್ರ ತಂದಿಡಬೇಕು."

ಈಗ ಆ ಪೆಟ್ಟಿಗೆ ಪೂರ್ತಿ ನನ್ನದು. ಅದಕ್ಕೆ ತೆತ್ತದ್ದು ವರ್ಷಕ್ಕೊಮ್ಮೆ ಕನ್ಹಾನಿಗೆ ಬಸ್ ಚಾರ್ಜು, ಜೊತೆಗೆ ಆ ವಾದಕನ ಮುಖ: ಹೋದ ದಸರಾಕ್ಕೆ ಕುಂಕುಮ ಅವನ ಮೂಗಿನವರೆಗೆ ಇಳಿದಿದೆ.